‘ದೀಕ್ಷಾಸ್ನಾನ’ ಶಬ್ದವಿಚಾರ

೧

ಕನ್ನಡ ಗದ್ಯದ ಚರಿತ್ರೆಯನ್ನು ನಿರೂಪಿಸುವವರು ಕ್ರೈಸ್ತ ಪಾದ್ರಿಗಳ ಉಪಕಾರವನ್ನು ಸ್ಮರಿಸದೆ ಮುಂದುವರಿಯುವುದಿಲ್ಲ. ರೀವ್ ಅವರ ಕೋಶಗಳು ೧೮೨೪ರಲ್ಲಿಯೂ ೧೮೩೨ರಲ್ಲಿಯೂ ಹೊರಬಂದುವು, ಮೋಗ್ಲಿಂಗ್ ಅವರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕಿಟ್ಟೆಲ್ ಅವರು ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳನ್ನು ಶೋಧಿಸಿ ಅಚ್ಚು ಮಾಡಿಸಿ, ೧೮೯೪ರಲ್ಲಿ ತಮ್ಮ ಮಹಾಕೋಶವನ್ನು ನಾಡಿಗೆ ಕೊಟ್ಟರು. ಇಷ್ಟನ್ನು ಹೇಳಿ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಆದರೆ ಆ ಮಹನೀಯರು ಯಾವುದರ ಸಲುವಾಗಿ ಕನ್ನಡವನ್ನು ಕಲಿತರೋ ಆ ಮತಸಿದ್ಧಾಂತದ ಕನ್ನಡವನ್ನು, ಎಂದರೆ ಪಾಪ, ರಕ್ಷಣೆ, ಕೃಪೆ, ಸಭೆ, ಸ್ನಾನ ಮೊದಲಾದ ವಿಷಯಗಳಲ್ಲಿ ಆ ಮತದವರು ಕಟ್ಟಿಕೊಂಡ ಪರಿಭಾಷೆಯನ್ನು, ‘ಪಾದ್ರಿ ಕನ್ನಡ’ವೆಂದು ನಕ್ಕು ಬದಿಗಿಡುವುದು ನಮ್ಮ ಪಂಡಿತವರ್ಗದ ವಾಡಿಕೆಯಾಗಿದೆ. ಹಾಗೆ ನಕ್ಕವರಲ್ಲಿ ನಾನೂ ಒಬ್ಬನು.

ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದಲ್ಲಿ ನಿಜಗುಣಶಿವಯೋಗಿಗಳ ‘ವಿವೇಕಚಿಂತಾಮಣಿ’ಯನ್ನು ಕೆಲವು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆನು. ಹನೂರಿನಾಚೆ ಮಾರ್ಟಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಆ ಗುಂಪಿನಲ್ಲಿದ್ದಳು. ಮನೆಯ ಮಾತು ತಮಿಳು, ಓದಿನ ಮಾತು ಕನ್ನಡ, ಮತ ಕಥೋಲಿಕ. ದೀಕ್ಷೆಯ ಪ್ರಸಕ್ತಿ ಬಂದಾಗ ಅವಳು, “ಗುರುಗಳೇ, ನಮ್ಮ ಮನೆಯಲ್ಲಿ ಕೂಸಿಗೆ ಜ್ಞಾನಸ್ನಾನವೆನ್ನುತ್ತಾರೆ. ಕನ್ನಡದ ಸತ್ಯವೇದದಲ್ಲಿ ದೀಕ್ಷಾಸ್ನಾನವೆಂದಿದೆ. ಎರಡೂ ಒಂದೆಯೆ? ನೀವು ಈಗ ಹೇಳಿದ ದೀಕ್ಷೆಯೇ ಅದೂ?” ಎಂದು ಕೇಳಿದಳು. ನಾನು, “ಅವು ಪಾದ್ರಿಗಳ ಮಾತುಗಳಮ್ಮ, ಅವುಗಳಲ್ಲಿ ಶಾಸ್ತ್ರವನ್ನು ಹುಡುಕಬೇಡ” ಎಂದು ಹೇಳಿ ಪಾಠವನ್ನು ಮುಂದುವರಿಸಿದೆನು. ಅವಳು ಮತ್ತೆ ಆ ವಿಷಯವನ್ನು ಎತ್ತಲಿಲ್ಲ. ಪ್ರಶ್ನೆಯು ಸಾಧುವಾದುದು, ಉತ್ತರವು ಅಸಾಧುವಾದುದು ಎಂಬ ಅರಿವು ನನಗೆ ಆಮೇಲೆ ಬಂದಿತು. ಅಂದು ಕೊಡದೆ ಹೋದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ನಮ್ಮ ಈ ಸೀಮೆಯವರಿಗೆ ಇಂಥ ವಿಚಾರವು ಹೊಸದಾಗಬಾರದು. ನಿಜಗುಣರು ಕೊಳ್ಳೇಗಾಲದ ಬಳಿಯ ಶಂಭುಲಿಂಗನ ಬೆಟ್ಟದಲ್ಲಿ ನೆಲೆಸಿದ್ದರೆಂಬುದು ಪ್ರಸಿದ್ಧ. ವೇದಾಗಮಪುರಾಣಶಾಸ್ತ್ರಗಳ ಪಾರಿಭಾಷಿಕ ಶಬ್ದಗಳನ್ನು ಕನ್ನಡ ಗದ್ಯದಲ್ಲಿ ವಿಂಗಡಿಸಿ ಜೋಡಿಸಿದವರು ಅವರು. ಯಳಂದೂರಿನ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ದಲ್ಲಿ ಧರ್ಮಶಾಸ್ತ್ರದ ಅರ್ಥವನ್ನು ಹೆಣ್ಣುಮಕ್ಕಳ ಬಾಯಿಗೆ ಬರುವ ಕನ್ನಡದಲ್ಲಿ ಇಳಿಸಿದಳು. ಒಂದು ಮತದ ಅರ್ಥವನ್ನು ಕನ್ನಡದ ಶಬ್ದವು ಎಷ್ಟು ಮಟ್ಟಿಗೆ ಹೊರಬಲ್ಲದು ಎಂಬ ಪ್ರಶ್ನೆಯನ್ನು ಇವರ ನೆರಳಿನಲ್ಲಿ ಬೆಳೆದವರು ಅಲ್ಲಗಳೆಯುವಂತಿಲ್ಲ. ಆ ಪ್ರಶ್ನೆಯನ್ನು ನೆರೆಮನೆಯವರು ಕೇಳಿದಾಗ ಮಾತ್ರ ನಾವು ಕಿವಿ ಮುಚ್ಚಿಕೊಂಡರೆ ಅದು ಪಾಂಡಿತ್ಯವೆನಿಸದು.

೨

ಈ ವಿಚಾರಕ್ಕೆ ನಾನು ಆರಿಸಿಕೊಂಡಿರುವ ಪ್ರಮಾಣಪುರುಷರು ವಿಲಿಯಂ ಕೇರಿಯವರು. ಕಾರಣ ಎರಡು. ಕನ್ನಡಕ್ಕೂ ಅವರಿಗೂ ನೇರವಾದ ಸಂಬಂಧವುಂಟು: ೧೮೧೭ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದ ಅವರ ಕರ್ಣಾಟಭಾಷಾವ್ಯಾಕರಣವು ಕನ್ನಡಲಿಪಿಯನ್ನು ಮುದ್ರಣದಲ್ಲಿ ಕಂಡ ಮೊದಮೊದಲ ಪುಸ್ತಕಗಳಲ್ಲಿ ಒಂದು. ಎರಡನೆಯದಾಗಿ, ಅವರು ಬ್ಯಾಪ್ಟಿಸ್ಟ್ ಪಂಗಡದ ಸಭಾಪಾಲಕರಾಗಿದ್ದವರು. ಆ ಪಂಗಡಕ್ಕೆ ಹೆಸರು ಬಂದುದೇ ಪ್ರಕೃತ ವಿಚಾರಿಸಬೇಕಾದ ಸ್ನಾನಕರ್ಮದಿಂದ.

ಕೇರಿಯವರು ೧೭೬೧ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅಲ್ಲಿಯ ರಾಜಮಾನ್ಯ ಸಭೆಯ ದೇವಾಲಯದಲ್ಲಿ ಗುಮಾಸ್ತೆ, ಶಾಲೆಯಲ್ಲಿ ಉಪಾಧ್ಯಾಯ. ಆ ಸಭೆಯ ಪದ್ಧತಿಯಂತೆ ಕೇರಿಯವರಿಗೆ ಶೈಶವದಲ್ಲಿಯೇ ಸ್ನಾನಕರ್ಮವಾಗಿತ್ತು. ಮೋಚಿಯ ಕಸಬನ್ನು ಮಾಡುತ್ತ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ತಾವೇ ಕಲಿತ ಅವರಿಗೆ, ಶಿಶುವಿಗೆ ಅರಿವಿಲ್ಲದೆ ಆದ ಕರ್ಮವು ವೇದವಿಹಿತವಾದ ಕರ್ಮವಲ್ಲವೆಂದು ತೋರಿತು. ೧೭೮೩ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನೆನ್ ಎಂಬ ನದಿಯಲ್ಲಿ ಮುಳುಗಿ ಹೊಸದಾಗಿ ಸ್ನಾನವನ್ನು ಪಡೆದರು. ಅನಂತರ ಮೌಲ್ಟನ್, ಲೆಸ್ಟರ್ ಎಂಬ ಊರುಗಳಲ್ಲಿ ಸಭಾಪಾಲಕರಾಗಿದ್ದು, ೧೭೯೩ರಲ್ಲಿ ಬಂಗಾಳಕ್ಕೆ ಬಂದು, ೧೮೦೦ರಿಂದ ೧೮೩೪ರಲ್ಲಿ ತಮ್ಮ ಮರಣದವರೆಗೆ ಶ್ರೀರಾಮಪುರದಲ್ಲಿ ನೆಲೆಸಿದರು. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳನ್ನು ಕಲಿಸಿದರು. ಮಾರ್ಷ್‌ಮನ್ ಅವರೊಡನೆ ವಾಲ್ಮೀಕಿರಾಮಾಯಣದ ಭಾಗವನ್ನು ಮೂಲಸಹಿತವಾಗಿ ಇಂಗ್ಲಿಷಿಗೆ ತಿರುಗಿಸಿ ಅಚ್ಚು ಮಾಡಿಸಿದರು. ೧೮೧೨ರ ಮಾರ್ಚಿ ತಿಂಗಳಲ್ಲಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿಗಳು ಸುಟ್ಟುಹೋದುವು. ಕನ್ನಡದ ಹೊಸ ಒಡಂಬಡಿಕೆಯ ಪ್ರತಿಯೂ ಅವುಗಳಲ್ಲಿ ಒಂದು. ಅದನ್ನು ಮತ್ತೆ ಸಿದ್ಧಪಡಿಸಿ ೧೮೨೩ರ ಹೊತ್ತಿಗೆ ಅಚ್ಚು ಮಾಡಿಸಿದರು.

ಆ ಭಾಷಾಂತರವು ನಾಡಿನಲ್ಲಿ ನಿಲ್ಲಲಿಲ್ಲ. ನಿಂತದ್ದು, ೧೮೧೦ರಲ್ಲಿ ಬಳ್ಳಾರಿಗೆ ಬಂದು ಜನರ ನಡುವೆ ಬಾಳಿದ ಲಂಡನ್ ಮಿಷನ್ನಿನ ಹ್ಯಾಂಡ್ಸ್ ಅವರ ಪಾಠ ಮತ್ತು ಅದನ್ನು ತಿದ್ದಿದವರ ಪಾಠ. ಇದರಲ್ಲಿ ಆಶ್ಚರ್ಯವಿಲ್ಲ. ಕೇರಿಯವರು ಕನ್ನಡನಾಡಿನಲ್ಲಿ ವಾಸಮಾಡಿದವರಲ್ಲ. ಪಂಡಿತರ ಮುಖದಿಂದ, ಸಂಸ್ಕೃತದ ಮೂಲಕ, ದೂರದಿಂದ ಕನ್ನಡವನ್ನು ಕಂಡವರು. ಸಂಸ್ಕೃತದಿಂದ ಕನ್ನಡದ ಶಬ್ದಭಂಡಾರವು ಸಿಕ್ಕೀತು, ಕನ್ನಡದ ನಡೆ ಸಿಕ್ಕದು. ಈ ಮಾತು ನಮ್ಮಂಥ ಸಂಸ್ಕೃತಪಾಠಶಾಲೆಯವರಿಗೂ ಅನ್ವಯಿಸುವುದರಿಂದ ಅದನ್ನು ಇನ್ನು ಬೆಳೆಸುವುದಿಲ್ಲ. ನಮಗೆ ಬೇಕಾದುದು ಅವರ ಕನ್ನಡವಲ್ಲ, ಅವರ ತತ್ತ್ವ.

೩

ಆ ತತ್ತ್ವವೇನೆಂದರೆ, ಮತಗ್ರಂಥದ ಯಾವ ಶಬ್ದವನ್ನೂ ಅರ್ಥ ತಿಳಿಸದೆ ಹಾಗೆಯೇ ಬಿಡಬಾರದು ಎಂಬುದು. ಸ್ನಾನಕರ್ಮವನ್ನು ಹೇಳುವ ಗ್ರೀಕ್ ಧಾತುವಿಗೆ ಮುಳುಗಿಸು, ಅದ್ದು ಎಂದು ಅರ್ಥ. ಇಂಗ್ಲಿಷರು ಅದನ್ನು ಭಾಷಾಂತರಿಸದೆ ಗ್ರೀಕ್ ಶಬ್ದವನ್ನೇ ಕೊಂಚ ತಿದ್ದಿ ಇಟ್ಟುಕೊಂಡರು. ಮುಳುಗಿಸುವವರಿಗೂ ತಲೆಯ ಮೇಲೆ ನೀರು ಚಿಮುಕಿಸುವವರಿಗೂ ಆ ಶಬ್ದವು ಒಪ್ಪಿಗೆಯಾಯಿತು. ಶ್ರೀರಾಮಪುರದವರು ಬಂಗಾಳಿಯಲ್ಲಿ ಮುಳುಗುವುದೆಂಬ ಅರ್ಥವನ್ನು ಸ್ಪಷ್ಟವಾಗಿ ಕೊಡುವ ಶಬ್ದವನ್ನು ಬಳಸಿದರು. ಇತರ ಪಂಗಡಗಳವರು ಇದಕ್ಕೆ ಒಡಂಬಡಲಿಲ್ಲ. ೧೮೩೦ರ ದಶಕದಲ್ಲಿ ವಿವಾದವು ಬಲಿತು, ಲಂಡನ್ನಿನ ಬೈಬಲ್ ಸಂಘವು ಅಂಥ ಶಬ್ದವುಳ್ಳ ಭಾಷಾಂತರಗಳಿಗೆ ದ್ರವ್ಯಸಹಾಯ ಮಾಡಲು ನಿರಾಕರಿಸಿತು. ಗ್ರೀಕ್ ಶಬ್ದವನ್ನೇ ಇಡಬೇಕು, ಇಲ್ಲವೆ ಎಲ್ಲ ಪಂಗಡಗಳಿಗೂ ಒಪ್ಪುವ ಶಬ್ದವನ್ನು ಹಾಕಬೇಕು ಎಂದು ಅದರ ಮತ. ೧೮೪೦ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಭಾಷಾಂತರಕ್ಕಾಗಿ ತಮ್ಮದೇ ಸಂಘವನ್ನು ಸ್ಥಾಪಿಸಿಕೊಂಡರು. ಒಂದು ಶಬ್ದದ ನಿಮಿತ್ತ ಒಂದು ಸಂಘವೇ ಒಡೆಯಿತೆಂದರೆ ಲೌಕಿಕರಿಗೆ ನಗು ಬಂದೀತು. ಒಂದು ಪದದ ಅನ್ವಯಕ್ಕಾಗಿ ಮತಗಳೇ ಭಿನ್ನವಾದ ವೇದಾಂತವನ್ನು ಓದಿದವರು ಮಾತ್ರ ನಗಲಾರರು.

ಈ ವಿವಾದವನ್ನು ನಮ್ಮ ಮೀಮಾಂಸಕರ ಮುಂದಿಟ್ಟರೆ ಏನು ಹೇಳುತ್ತಿದ್ದರು? ಮೊದಲನೆಯದಾಗಿ ಶಬ್ದಾರ್ಥನಿರ್ಣಯ. ವೇದದಲ್ಲಿ ಬರುವ ಪಿಕ, ನೇಮ, ತಾಮರಸ ಮುಂತಾದ, ಆರ್ಯರಲ್ಲಿ ಪ್ರಯೋಗವಿಲ್ಲದ ಶಬ್ದಗಳಿಗೆ ನಿರುಕ್ತವ್ಯಾಕರಣಗಳ ಬಲದಿಂದ ಹೊಸ ಅರ್ಥವನ್ನು ಕಲ್ಪಿಸಬೇಕೋ, ಆ ಶಬ್ದಗಳನ್ನು ಬಳಸುವ ಮ್ಲೇಚ್ಛರಲ್ಲಿ ಪ್ರಸಿದ್ಧವಾದ ಅರ್ಥವನ್ನೇ ಹಿಡಿಯಬೇಕೋ ಎಂಬ ಅಧಿಕರಣವು ಪೂರ್ವಮೀಮಾಂಸೆಯ ಪ್ರಥಮಾಧ್ಯಾಯದಲ್ಲಿ ಉಂಟು. ಬಳಸುವವರ ಅರ್ಥವೇ ಗ್ರಾಹ್ಯವೆಂದು ಸಿದ್ಧಾಂತ. ಶ್ರೋತ್ರಿಯಾಗ್ರಣಿಗಳಾದ ಮೀಮಾಂಸಕರು ವೇದವಾಕ್ಯದ ಅರ್ಥಕ್ಕಾಗಿ ಪರಭಾಷೆಯವರನ್ನು ಕೇಳಲು ಹಿಂಜರಿಯಲಿಲ್ಲ. ಈ ನ್ಯಾಯದಿಂದ ನೋಡಿದರೆ, ಗ್ರೀಕ್ ಶಬ್ದದ ಅರ್ಥವನ್ನು ಗ್ರೀಕ್ ಪ್ರಯೋಗದಿಂದಲೇ ನಿರ್ಣಯಿಸಬೇಕೆಂಬ ಕೇರಿಯವರ ಪಕ್ಷವು ಬಲವತ್ತರವಾದುದು.

ಎರಡನೆಯದು ಅನುಷ್ಠಾನವಿಚಾರ. ಸ್ಮೃತಿಗಳಲ್ಲಿ ಸ್ನಾನವು ಏಳು ವಿಧ: ಮಂತ್ರದಿಂದ ಪ್ರೋಕ್ಷಿಸಿಕೊಳ್ಳುವುದು ಮಾಂತ್ರ, ಭಸ್ಮದಿಂದ ಆಗ್ನೇಯ, ಗೋಧೂಳಿಯಿಂದ ವಾಯವ್ಯ, ಹೀಗೆ ಮುಂದುವರಿದು, ನೀರಿನಲ್ಲಿ ಮುಳುಗುವುದು ವಾರುಣ. ಇವುಗಳಲ್ಲಿ ವಾರುಣವೇ ಮುಖ್ಯ. ಉಳಿದವು ರೋಗಿಗಳಿಗೂ ಅಶಕ್ತರಿಗೂ ಹೇಳಿದ ಗೌಣಪಕ್ಷಗಳು. ಹಾಗಾದರೆ ಶಕ್ತನಾದವನಿಗೆ ಗೌಣವು ಸಾಕೆ? ಇಲ್ಲಿ ಪ್ರತಿನಿಧಿನ್ಯಾಯವು ಬರುತ್ತದೆ. ವ್ರೀಹಿ ಸಿಕ್ಕದಿದ್ದಲ್ಲಿ ನೀವಾರ, ಸೋಮ ಸಿಕ್ಕದಿದ್ದಲ್ಲಿ ಪೂತೀಕ, ಹೀಗೆ ದ್ರವ್ಯಕ್ಕೆ ಪ್ರತಿನಿಧಿಯುಂಟು. ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ. ಈ ಭೇದವನ್ನು ಹಿಡಿದು ನೋಡಿದರೆ ಪಶ್ಚಿಮದೇಶದ ಆ ವಿವಾದದ ಗಂಟು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಬ್ಯಾಪ್ಟಿಸ್ಟರ ಪಕ್ಷದಲ್ಲಿ ಮುಳುಗುವುದೇ ವಿಹಿತವಾದ ಕ್ರಿಯೆ. ಕ್ರಿಯೆಗೆ ಪ್ರತಿನಿಧಿಯಿಲ್ಲವಾದ್ದರಿಂದ ಚಿಮುಕಿಸುವುದು ಕರ್ಮವೇ ಆಗದು. ಇತರರ ಪಕ್ಷದಲ್ಲಿ ವಿಹಿತವಾದುದು ನೀರಿನಿಂದ ತೊಳೆಯುವುದು. ನೀರು ಹೊಳೆಯಷ್ಟೋ ಬೊಗಸೆಯಷ್ಟೋ ಎಂಬುದು ಗುಣಮಾತ್ರ. ಇಬ್ಬರೂ ತಮ್ಮ ತಮ್ಮ ಉಪಕ್ರಮದಿಂದ ಸರಿಯಾಗಿಯೇ ಸಾಗುತ್ತಾರೆ. ಭೇದವಿರುವುದು ವಿಧಿವಾಕ್ಯದ ಅರ್ಥದಲ್ಲಿ. ಆದ್ದರಿಂದಲೇ ಶಬ್ದದ ಮೇಲೆ ಅಷ್ಟು ಹೋರಾಟ.

೪

ಇನ್ನು ಕನ್ನಡಕ್ಕೆ ಬರೋಣ. ನಮ್ಮಲ್ಲಿ ಈ ಕರ್ಮಕ್ಕೆ ಎರಡು ಹೆಸರುಗಳು ಪ್ರಚುರವಾಗಿವೆ. ಪ್ರಾಟೆಸ್ಟಂಟರ ಸತ್ಯವೇದದಲ್ಲಿಯೂ ಪ್ರಾರ್ಥನೆಯಲ್ಲಿಯೂ ‘ದೀಕ್ಷಾಸ್ನಾನ’; ತಮಿಳಿನ ಸಂಪರ್ಕವುಳ್ಳ ಕಥೋಲಿಕರ ಬಾಯಲ್ಲಿ ‘ಜ್ಞಾನಸ್ನಾನ’. ಕೊಳ್ಳೇಗಾಲವು ೧೯೫೬ರ ನವೆಂಬರಿನವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಆದ್ದರಿಂದ ಮಾರ್ಟಳ್ಳಿ, ಸಂದನಪಾಳ್ಯಗಳ ಕಡೆ ತಮಿಳಿನ ಶಬ್ದವು ಬೇರೂರಿರುವುದು ಸಹಜವೇ ಸರಿ. ಎರಡು ಶಬ್ದಗಳಲ್ಲಿಯೂ ಉತ್ತರಪದವು ಸ್ನಾನವೇ; ಭೇದವೆಲ್ಲ ಪೂರ್ವಪದದಲ್ಲಿದೆ.

‘ಜ್ಞಾನಸ್ನಾನ’ವನ್ನು ಬಿಡಿಸೋಣ. ಜ್ಞಾನವೇ ಸ್ನಾನವೆಂದು ಕರ್ಮಧಾರಯವನ್ನು ಮಾಡಿದರೆ ನೀರಿನ ಅಪೇಕ್ಷೆಯೇ ಇಲ್ಲವಾಗುತ್ತದೆ. ನಮ್ಮ ವೇದಾಂತಗ್ರಂಥಗಳ ವಾಸನೆಯುಳ್ಳವನಿಗೆ ಮೊದಲು ಹೊಳೆಯುವುದು ಈ ಅರ್ಥವೇ. ಜ್ಞಾನದಿಂದ ಸ್ನಾನವೆಂದರೆ ಜ್ಞಾನವು ಮೊದಲೇ ಇರಬೇಕು. ಆಗ ಹಾಲುಗೂಸಿಗೆ ಅದು ಸಲ್ಲದು. ಜ್ಞಾನಕ್ಕಾಗಿ ಸ್ನಾನವೆಂದು ಚತುರ್ಥೀಸಮಾಸವನ್ನು ಮಾಡಿದರೆ ಕಥೋಲಿಕರ ಸಿದ್ಧಾಂತಕ್ಕೆ ಸಮೀಪವಾಗುತ್ತದೆ. ಸ್ನಾನವು ಶಿಶುವಿನಲ್ಲಿ ದೈವೀ ಅನುಗ್ರಹವನ್ನು ನಿಜವಾಗಿಯೂ ಉಂಟುಮಾಡುವ ಕಾರಣವೆಂದು ಅವರ ಮತ. ಶಬ್ದವು ಸಾಧುವೇ, ಆದರೆ ವ್ಯಾಖ್ಯಾನಸಾಪೇಕ್ಷ. ಪರಿಭಾಷೆಗೆ ಇದು ದೋಷವೆಂದು ಹೇಳಬೇಕಾಗುತ್ತದೆ; ಹಾಗಿದ್ದರೂ ತಲೆತಲಾಂತರದಿಂದ ರೂಢಿಗೆ ಬಂದ ಶಬ್ದದಲ್ಲಿ ಯೋಗಾರ್ಥಕ್ಕಿಂತ ರೂಢ್ಯರ್ಥಕ್ಕೇ ಬಲವೆಂಬ ನ್ಯಾಯದಿಂದ ಅದರ ಪ್ರಾಮಾಣ್ಯವು ಕೆಡುವುದಿಲ್ಲ.

‘ದೀಕ್ಷಾಸ್ನಾನ’ದ ಗತಿ ಬೇರೆ. ಧಾತುಪಾಠದಲ್ಲಿ ಈ ಧಾತುವಿಗೆ ಮುಂಡನ, ಯಾಗ, ಉಪನಯನ, ನಿಯಮ, ವ್ರತ, ಉಪದೇಶ ಎಂಬ ಅರ್ಥಗಳನ್ನು ಹೇಳಿದೆ. ಆಗಮಜ್ಞರು ಜ್ಞಾನವನ್ನು ಕೊಡುವುದು, ಪಾಪವನ್ನು ಕ್ಷಯಿಸುವುದು ಎಂಬ ಎರಡರ್ಥಗಳನ್ನು ಅದರ ಎರಡು ಅಕ್ಷರಗಳಲ್ಲಿ ಕಾಣುತ್ತಾರೆ. ಸೋಮಯಾಗದಲ್ಲಿ ಯಜಮಾನನು ಕ್ಷೌರ ಮಾಡಿಸಿಕೊಂಡು ನೀರಿನಲ್ಲಿ ಮಿಂದು ದೀಕ್ಷಿತನಾಗುತ್ತಾನೆ. ಆ ಮೀಹಕ್ಕೆ ಅಪ್ಸುದೀಕ್ಷೆಯೆಂದೇ ಹೆಸರು. ದೀಕ್ಷಿತನನ್ನು ಗರ್ಭಸ್ಥಶಿಶುವೆಂದು ಭಾವಿಸಿ, ಅವನಿರುವ ಶಾಲೆಯನ್ನು ಗರ್ಭವೆಂದೂ ಅವನು ಹೊದೆದ ವಸ್ತ್ರವನ್ನು ಗರ್ಭದ ಪೊರೆಯೆಂದೂ ಐತರೇಯಬ್ರಾಹ್ಮಣವು ವರ್ಣಿಸುತ್ತದೆ. ಯಾಗದ ಕೊನೆಯಲ್ಲಿ ಮತ್ತೆ ಅವಭೃಥಸ್ನಾನ. ನೀರಿನಿಂದ ಹೊಸ ಜನ್ಮವೆಂದು ಕ್ರೈಸ್ತರು ಹೇಳುವ ಅರ್ಥಕ್ಕೆ ಇದಕ್ಕಿಂತ ಸಮೀಪವಾದ ಶಬ್ದವು ನಮ್ಮ ಭಾಷೆಯಲ್ಲಿ ದೊರೆಯುವುದು ದುರ್ಲಭ. ಪಾದ್ರಿ ಕನ್ನಡದಲ್ಲಿ ಶಾಸ್ತ್ರವಿಲ್ಲವೆಂದು ನಾನು ಆ ಹುಡುಗಿಗೆ ಹೇಳಿದ ಮಾತು ಇಲ್ಲಿಯೇ ಮುರಿದುಬೀಳುತ್ತದೆ.

ಈ ಸಮಾಸದಲ್ಲಿಯೂ ಎರಡು ವಿಗ್ರಹಗಳುಂಟು. ದೀಕ್ಷೆಗೆ ಅಂಗವಾದ ಸ್ನಾನವೆಂದರೆ ದೀಕ್ಷೆಯು ಬೇರೆ, ಸ್ನಾನವು ಅದನ್ನು ಸೂಚಿಸುವ ಬಾಹ್ಯಕರ್ಮ. ದೀಕ್ಷೆಯೇ ಆದ ಸ್ನಾನವೆಂದರೆ ಸ್ನಾನದಿಂದಲೇ ದೀಕ್ಷಾಫಲವು ಸಿದ್ಧಿಸುತ್ತದೆ. ತಾರ್ಕಿಕರ ಮಾತಿನಲ್ಲಿ, ಮೊದಲನೆಯದರಲ್ಲಿ ಸ್ನಾನವು ಜ್ಞಾಪಕಹೇತು, ಎರಡನೆಯದರಲ್ಲಿ ಕಾರಕಹೇತು. ಹೊಗೆಯು ಬೆಂಕಿಯನ್ನು ತಿಳಿಸುವಂತೆ ಸ್ನಾನವು ಒಳಗೆ ಆಗಲೇ ಹುಟ್ಟಿದ ನಂಬಿಕೆಯನ್ನು ತಿಳಿಸುತ್ತದೆಯೆಂಬುದು ಕೇರಿಯವರ ಪಂಗಡದ ಸಿದ್ಧಾಂತ. ಕುಲಾಲನು ಘಟವನ್ನು ಮಾಡುವಂತೆ ಅದು ಅನುಗ್ರಹವನ್ನು ಉಂಟುಮಾಡುತ್ತದೆಯೆಂಬುದು ಪ್ರಾಚೀನಸಭೆಗಳ ಸಿದ್ಧಾಂತ. ಒಂದೇ ಕನ್ನಡ ಶಬ್ದವು ಎರಡು ವಿಗ್ರಹಗಳಿಂದ ಎರಡಕ್ಕೂ ಎಡೆಕೊಡುತ್ತದೆ. ಲಂಡನ್ನಿನ ಸಂಘವು ಬಯಸಿದ ಸರ್ವಸಮ್ಮತಿಯೂ ಶ್ರೀರಾಮಪುರದವರು ಬಯಸಿದ ಅರ್ಥಸ್ಪಷ್ಟತೆಯೂ ಇಲ್ಲಿ ಒಟ್ಟಿಗೆ ದೊರೆತಿವೆ.

೫

ಆದರೆ ಶಬ್ದವು ಸುಲಭವಾಗಿ ಪಳಗುವ ಪಶುವಲ್ಲ. ಒಂದು ಸಂಪ್ರದಾಯದಿಂದ ತಂದ ಪದವು ತನ್ನ ಅಧಿಕಾರವಿಚಾರವನ್ನೂ ಜೊತೆಯಲ್ಲಿಯೇ ತರುತ್ತದೆ. ಪ್ರಕೃತ ಮುಖ್ಯವಾದ ಪ್ರಶ್ನೆ ಇದು: ದೀಕ್ಷೆಗೂ ಸಂಸ್ಕಾರಕ್ಕೂ ಭೇದವೇನು?

ಸಂಸ್ಕಾರವನ್ನು ತಂದೆತಾಯಿಗಳು ಮಗುವಿಗಾಗಿ ಮಾಡುತ್ತಾರೆ. ಬೀಜದಿಂದಲೂ ಗರ್ಭದಿಂದಲೂ ಬಂದ ದೋಷವು ಜಾತಕರ್ಮ, ಚೌಲ, ಮೌಂಜೀಬಂಧನಾದಿಗಳಿಂದ ಹೋಗುವುದೆಂದು ಮನುಸ್ಮೃತಿಯಲ್ಲಿದೆ. ಅಲ್ಲಿ ಮಗುವಿನ ಸಂಕಲ್ಪವನ್ನು ಯಾರೂ ಕೇಳುವುದಿಲ್ಲ. ದೀಕ್ಷೆಯಾದರೋ ಅರ್ಥಿಯಾದವನು ತಾನೇ ಬೇಡಿ, ನಿಯಮವನ್ನು ಸ್ವೀಕರಿಸಿ, ಪಡೆಯತಕ್ಕದ್ದು, ಸಂಕಲ್ಪವಿಲ್ಲದ ದೀಕ್ಷೆಯಿಲ್ಲ. ಸಂಸ್ಕಾರವೆಂಬ ಶಬ್ದವು ಕೆಲವೆಡೆ ದೀಕ್ಷೆಗೂ ಸಲ್ಲುವುದುಂಟೆಂಬ ಆಕ್ಷೇಪವನ್ನು ನಾನು ಬಲ್ಲೆನು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೇವೆಮಾಡುವ ಶ್ರೀವೈಷ್ಣವರ ಸಮಾಶ್ರಯಣಕ್ಕೆ ಪಂಚಸಂಸ್ಕಾರವೆಂದೇ ಹೆಸರು. ಆದರೆ ಅಲ್ಲಿಯೂ ಆಚಾರ್ಯನನ್ನು ಆಶ್ರಯ ಬೇಡುವವನೊಬ್ಬನು ಇದ್ದೇ ಇರಬೇಕೆಂಬ ಅಂಶವು ಉಳಿಯುವುದರಿಂದ ಮೇಲಿನ ಭೇದಕ್ಕೆ ಬಾಧೆಯಿಲ್ಲ. ನಮ್ಮ ವೀರಶೈವರ ಪದ್ಧತಿಯನ್ನು ನೋಡಿದರೆ ವಿಷಯವು ಇನ್ನೂ ವಿಶದವಾಗುತ್ತದೆ. ಕೂಸಿಗೆ ಲಿಂಗವನ್ನು ಕಟ್ಟುತ್ತಾರೆ. ವಯಸ್ಸು ಬಂದಮೇಲೆ ಗುರುವಿನಿಂದ ದೀಕ್ಷೆಯನ್ನು ಕೊಡಿಸುತ್ತಾರೆ. ಕರ್ಮವೆರಡು, ಹೆಸರೆರಡು. ಮಲೆಯ ಮಹದೇಶ್ವರನ ದೇವರಗುಡ್ಡರಾಗಿ ಕಂಸಾಳೆ ಹಿಡಿಯುವವರಿಗೂ, ಮಂಟೇಸ್ವಾಮಿಯ ಪರಂಪರೆಯ ನೀಲಗಾರರಿಗೂ ದೀಕ್ಷೆಯೆಂದರೆ ಹುಟ್ಟಿದ ಮನೆಯ ಹಕ್ಕಲ್ಲ, ಮೇಲೆ ಹೊತ್ತುಕೊಂಡ ಹೊಣೆ. ಅಕ್ಷರ ಬಾರದ ಹಳ್ಳಿಯವನಿಗೂ ಈ ಅರ್ಥವು ಗೊತ್ತು.

ಈಗ ಕ್ರೈಸ್ತಸಭೆಗಳನ್ನು ನೋಡೋಣ. ಕಥೋಲಿಕರು ಈ ಕರ್ಮವನ್ನು ತಮ್ಮ ಏಳು ಸಂಸ್ಕಾರಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅದನ್ನು ಕೂಸಿಗೆ ಮಾಡಿ, ವಯಸ್ಸು ಬಂದಮೇಲೆ ದೃಢೀಕರಣವೆಂಬ ಬೇರೆ ಸಂಸ್ಕಾರವನ್ನು ಮಾಡುತ್ತಾರೆ. ಜನ್ಮಪಾಪವು ಅದರಿಂದ ಹೋಗುವುದೆಂಬ ಅವರ ಮತಕ್ಕೂ ಬೀಜಗರ್ಭದೋಷನಿವೃತ್ತಿಗೂ ಇರುವ ಸಾದೃಶ್ಯವು ಗಮನಾರ್ಹ. ಅಲ್ಲಿ ಸಂಸ್ಕಾರವೆಂಬ ಶಬ್ದವೂ ಅನುಷ್ಠಾನವೂ ಒಂದನ್ನೊಂದು ಒಪ್ಪುತ್ತವೆ. ಬ್ಯಾಪ್ಟಿಸ್ಟರು ಶಿಶುಗಳಿಗೆ ಈ ಕರ್ಮವನ್ನು ಮಾಡುವುದೇ ಇಲ್ಲ. ತಾನಾಗಿ ನಂಬಿ, ಸಭೆಯ ಮುಂದೆ ಬಾಯಿಬಿಟ್ಟು ಹೇಳಿ, ನೀರಿಗೆ ಇಳಿಯುವವನಿಗೆ ಮಾತ್ರ ಮಾಡುತ್ತಾರೆ. ಅದು ನಮ್ಮ ಶಬ್ದದ ಪೂರ್ಣಾರ್ಥದಲ್ಲಿ ದೀಕ್ಷೆ. ಅವರು ಮುಳುಗಿಸುವುದರಿಂದ ಪೂರ್ಣಾರ್ಥದಲ್ಲಿ ಸ್ನಾನ.

ಇಲ್ಲಿಯೇ ವಿಚಿತ್ರವಿರುವುದು. ಕನ್ನಡನಾಡಿನಲ್ಲಿ ‘ದೀಕ್ಷಾಸ್ನಾನ’ವೆಂಬ ಶಬ್ದವನ್ನು ಬೆಳೆಸಿ ನಿಲ್ಲಿಸಿದವರು ಬಹುಮಟ್ಟಿಗೆ ಲಂಡನ್, ಬಾಸೆಲ್, ವೆಸ್ಲಿಯನ್ ಮಿಷನ್ನುಗಳ ಪರಂಪರೆಯವರು. ಇವರೆಲ್ಲ ಶಿಶುಗಳಿಗೂ ಸ್ನಾನಕರ್ಮವನ್ನು ಮಾಡುವವರು, ಬಹುಧಾ ನೀರನ್ನು ಚಿಮುಕಿಸಿ ಮಾಡುವವರು. ಆದ್ದರಿಂದ ಅವರ ಶಬ್ದವು ಅವರ ಆಚಾರಕ್ಕಿಂತ ಹೆಚ್ಚನ್ನು ಹೇಳುತ್ತದೆ. ಕಂಕುಳಲ್ಲಿ ಎತ್ತಿ ತಂದ ಕೂಸಿನ ಹಣೆಯನ್ನು ನೀರಿನಿಂದ ತೋಯಿಸಿ ‘ದೀಕ್ಷಾಸ್ನಾನ’ವಾಯಿತೆಂದು ಹೇಳಿದಾಗ, ಕನ್ನಡದ ಕಿವಿಗೆ ಎರಡು ಪದಗಳೂ ಗೌಣವಾಗಿಯೇ ಕೇಳಿಸುತ್ತವೆ. ಅದೇ ಶಬ್ದವನ್ನು ನೆನ್ ನದಿಯಲ್ಲಿ ಮುಳುಗಿದ ಇಪ್ಪತ್ತೆರಡು ವರ್ಷದ ಮೋಚಿಗೆ ಅನ್ವಯಿಸಿದರೆ ಎರಡೂ ಮುಖ್ಯಾರ್ಥದಲ್ಲಿ ನಿಲ್ಲುತ್ತವೆ. ಬ್ಯಾಪ್ಟಿಸ್ಟರ ಕನ್ನಡ ಸತ್ಯವೇದವು ಮರೆಯಾಯಿತು. ಆದರೆ ಉಳಿದವರ ಸತ್ಯವೇದದಲ್ಲಿ ನಿಂತ ಶಬ್ದವು ಬ್ಯಾಪ್ಟಿಸ್ಟರ ಸಿದ್ಧಾಂತವನ್ನೇ ಎಲ್ಲರಿಗಿಂತ ಚೆನ್ನಾಗಿ ನುಡಿಯುತ್ತಿದೆ. ಇದನ್ನು ಯಾವ ಪಂಗಡದ ಜಯವೆಂದೂ ನಾನು ಹೇಳುವುದಿಲ್ಲ. ಆ ತೀರ್ಪು ನನ್ನ ಅಧಿಕಾರಕ್ಕೆ ಸೇರಿದ್ದಲ್ಲ. ಶಬ್ದಕ್ಕೆ ತನ್ನದೇ ಆದ ಸತ್ಯವುಂಟು, ಬಳಸುವವನು ಅದನ್ನು ಪೂರ್ತಿ ವಶಮಾಡಿಕೊಳ್ಳಲಾರನು ಎಂಬಷ್ಟನ್ನು ಮಾತ್ರ ಶಾಬ್ದಿಕನಾಗಿ ಹೇಳುತ್ತೇನೆ.

೬

ದೀಕ್ಷಾಶಬ್ದವು ಬ್ಯಾಪ್ಟಿಸ್ಟರಿಗೆ ಸರ್ವಾಂಶದಲ್ಲಿಯೂ ಒಪ್ಪುತ್ತದೆಯೆ ಎಂದರೆ, ಎರಡು ಕಡೆ ಒಪ್ಪುವುದಿಲ್ಲ. ಅದನ್ನೂ ಹೇಳದಿದ್ದರೆ ವಿಮರ್ಶೆಯು ಏಕಪಕ್ಷೀಯವಾದೀತು.

ಒಂದನೆಯದು ಗುರುವಿನ ವಿಷಯ. ನಮ್ಮಲ್ಲಿ ದೀಕ್ಷೆಯನ್ನು ಕೊಡುವವನು ಗುರು. ಪಡೆದವನು ಅವನ ಶಿಷ್ಯ. ಆ ಸಂಬಂಧವು ಜೀವವಿರುವವರೆಗೂ ಬಿಡತಕ್ಕದ್ದಲ್ಲ. ಬ್ಯಾಪ್ಟಿಸ್ಟರ ಸಭಾಪಾಲಕನು ಅಂಥ ಗುರುವಲ್ಲ. ಅವನನ್ನು ಸಭೆಯೇ ಆರಿಸುತ್ತದೆ. ಸ್ನಾನವನ್ನು ಪಡೆದವನು ಸೇರುವುದು ಸಭೆಗೆ. ಶ್ರೀರಾಮಪುರದ ಸಹೋದರರು ೧೮೦೫ರಲ್ಲಿ ತಮ್ಮ ನಡೆವಳಿಕೆಗಾಗಿ ಒಂದು ಒಡಂಬಡಿಕೆಯನ್ನು ಬರೆದು, ವರ್ಷಕ್ಕೆ ಮೂರು ಸಲ ಎಲ್ಲ ಠಾಣ್ಯಗಳಲ್ಲಿಯೂ ಅದನ್ನು ಓದಬೇಕೆಂದು ಕಟ್ಟುಮಾಡಿದರು. ಸಭಾಜೀವನವನ್ನು ಕುರಿತು ಅವರ ಆಲೋಚನೆಗಳೆಲ್ಲ ಅದರಲ್ಲಿ ಅಡಕವಾಗಿವೆ. ತಮ್ಮದೆಂಬ ಸ್ವತ್ತನ್ನು ಇಟ್ಟುಕೊಳ್ಳಬಾರದು. ದೇಶೀಯರ ಸಭೆಗಳಿಗೆ ದೇಶೀಯರೇ ಪಾಲಕರಾಗಬೇಕು. ಇಲ್ಲಿಯವರ ವಿಗ್ರಹಗಳಿಗೆ ಕೈಮಾಡಬಾರದು, ಪೂಜೆಗೆ ಅಡ್ಡಿ ಬರಬಾರದು. ಇವು ಅದರ ಕೆಲವು ಅಂಶಗಳು. ಕೊನೆಯ ಅಂಶವನ್ನು ಓದುವಾಗ, ಆ ಸಹೋದರರಲ್ಲಿಯೇ ಒಬ್ಬರಾದ ವಾರ್ಡ್ ಅವರು ಹಿಂದೂಗಳ ಆಚಾರವಿಚಾರಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಎಷ್ಟು ಕಟುವಾಗಿ ಬರೆದರೆಂಬುದನ್ನು ಮರೆಯಲಾಗುವುದಿಲ್ಲ. ಕೈಯನ್ನು ಕಟ್ಟಿಕೊಂಡವರು ಲೇಖನಿಯನ್ನು ಕಟ್ಟಿಕೊಳ್ಳಲಿಲ್ಲ. ಹಾಗೆಂದು ಆ ಒಡಂಬಡಿಕೆಯ ಬೆಲೆ ಇಲ್ಲವಾಗುವುದಿಲ್ಲ.

ಸಭೆಯನ್ನು ಕುರಿತ ಈ ತತ್ತ್ವಕ್ಕೆ ಕನ್ನಡದ ‘ಸಭೆ’ ಎಂಬ ಶಬ್ದವು ಚೆನ್ನಾಗಿ ಹೊಂದುತ್ತದೆ. ಸಭೆಯೆಂದರೆ ಕೂಡಿದ ಜನ, ಕಟ್ಟಡವಲ್ಲ, ಪೀಠವಲ್ಲ. ಗ್ರೀಕ್ ಮೂಲದ ಅರ್ಥವೂ ಕೂಟವೆಂದೇ. ‘ಸಭಾಪಾಲಕ’ನಲ್ಲಿ ಮಾತ್ರ ಕೊಂಚ ನಷ್ಟವಾಗಿದೆ, ಮೂಲದಲ್ಲಿರುವವನು ಕುರಿ ಕಾಯುವವನು, ಕನ್ನಡದ ಪಾಲಕನು ದೊರೆಯ ಛಾಯೆಯುಳ್ಳವನು. ಆದರೆ ಯೇಸುವನ್ನು ಕುರಿತು ಹಳೆಯ ಪಾಠದಲ್ಲಿ ‘ಕುರುಬ’ನೆಂದೇ ಇಟ್ಟಿರುವುದು ನನಗೆ ಮೆಚ್ಚಿಕೆಯಾದ ಪ್ರಯೋಗ. ಅದನ್ನು ಜಾತಿಯ ಹೆಸರೆಂದು ಆಕ್ಷೇಪಿಸುವವರುಂಟು. ಮಹದೇಶ್ವರನಿಗೆ ಗುಡಿ ಕಟ್ಟಿಸಿದ ಹಾಲುಮತದ ಜುಂಜೇಗೌಡನ ಕಥೆಯನ್ನು ರಾತ್ರಿಯಿಡೀ ಕೂತು ಕೇಳಿದ ನಮ್ಮ ಸೀಮೆಯವರಿಗೆ ಕುರುಬನೆಂಬ ಮಾತಿನಲ್ಲಿ ಹೀನತೆಯು ತೋರದು, ಆಪ್ತತೆಯೇ ತೋರುತ್ತದೆ.

ಎರಡನೆಯದು ಹೆಸರಿನ ವಿಷಯ. ನಮ್ಮಲ್ಲಿ ದೀಕ್ಷೆಯಾದವನಿಗೆ ಅನೇಕವೇಳೆ ಹೆಸರು ಬದಲಾಗುತ್ತದೆ. ಕೆಂಪಾಚಾರಿಯು ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾದ ಕಥೆಯನ್ನು ಚಿಕ್ಕಲ್ಲೂರು ಜಾತ್ರೆಗೆ ಹೋದವರೆಲ್ಲರೂ ಬಲ್ಲರು. ಶ್ರೀವೈಷ್ಣವರ ಐದು ಸಂಸ್ಕಾರಗಳಲ್ಲಿ ನಾಮವೂ ಒಂದು. ಶ್ರೀರಾಮಪುರದ ಒಡಂಬಡಿಕೆಯಲ್ಲಾದರೋ ಸಭೆಗೆ ಸೇರಿದ ದೇಶೀಯರ ಹೆಸರನ್ನು ಬದಲಾಯಿಸುವುದು ತಮ್ಮ ಕರ್ತವ್ಯವಲ್ಲವೆಂದು ಬರೆದುಕೊಂಡರು. ಆದಿಕ್ರೈಸ್ತರಲ್ಲಿ ಎಷ್ಟೋ ಮಂದಿಯ ಹೆಸರುಗಳು ಗ್ರೀಕ್ ದೇವತೆಗಳ ಹೆಸರುಗಳೇ ಆಗಿದ್ದುವು, ಅಪೊಸ್ತಲರು ಅವನ್ನು ತೆಗೆಯಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ೧೮೦೦ರ ಡಿಸೆಂಬರಿನಲ್ಲಿ ಹೂಗ್ಲಿನದಿಯಲ್ಲಿ ಮುಳುಗಿ ಅವರ ಸಭೆಗೆ ಮೊದಲು ಸೇರಿದ ಬಂಗಾಳದ ಬಡಗಿಯು ಕೃಷ್ಣಪಾಲನಾಗಿ ನೀರಿಗಿಳಿದು ಕೃಷ್ಣಪಾಲನಾಗಿಯೇ ಮೇಲೆ ಬಂದನು. ತಮಿಳು ಕಥೋಲಿಕರು ಇನ್ನೊಂದು ದಾರಿಯನ್ನು ಹಿಡಿದರು: ಪೇತ್ರನನ್ನು ರಾಯಪ್ಪನೆಂದೂ ಪೌಲನನ್ನು ಚಿನ್ನಪ್ಪನೆಂದೂ ಮಾಡಿಕೊಂಡು, ಹೆಸರನ್ನೇ ಭಾಷಾಂತರಿಸಿದರು. ಕೊಳ್ಳೇಗಾಲದ ಸಂತೆಯಲ್ಲಿ ಒಬ್ಬ ಚಿನ್ನಪ್ಪನನ್ನು ಕಂಡರೆ ಅವನು ಯಾವ ಮತದವನೆಂದು ಹೆಸರಿನಿಂದ ಹೇಳಲಾಗದು. ಮೂರು ಪದ್ಧತಿಗಳೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು: ಹೊಸದಾಗಿ ಹುಟ್ಟಿದವನಲ್ಲಿ ಹಳೆಯದು ಎಷ್ಟು ಉಳಿಯಬಹುದು?

೭

ಇಷ್ಟು ವಿಚಾರದಿಂದ ಫಲಿತವಾದುದನ್ನು ಸಂಗ್ರಹಿಸಿ ಹೇಳುತ್ತೇನೆ. ಅನುವಾದಕನು ಯಾವ ಶಬ್ದವನ್ನೂ ಅರ್ಥಶೂನ್ಯವಾಗಿ ಬಿಡಬಾರದೆಂಬ ಕೇರಿಯವರ ತತ್ತ್ವವು ಶಾಸ್ತ್ರಸಮ್ಮತವಾದುದು. ಅರ್ಥವನ್ನು ಹೇಳಲು ‘ಮುಳುಗು’ ಎಂಬ ಬರಿಯ ಕ್ರಿಯಾಪದವು ಸಾಲದು. ಹೊಳೆಯಲ್ಲಿ ಎಮ್ಮೆಯೂ ಮುಳುಗುತ್ತದೆ. ಸ್ನಾನದ ಜೊತೆಗೆ ವ್ರತವೂ ಬೇಕು. ಅದನ್ನು ಕೊಟ್ಟದ್ದು ‘ದೀಕ್ಷಾ’ಪದ. ಆದ್ದರಿಂದ ‘ದೀಕ್ಷಾಸ್ನಾನ’ವು ಕನ್ನಡ ಶಾಸ್ತ್ರಪರಿಭಾಷೆಯ ಒಳ್ಳೆಯ ಶಬ್ದಗಳಲ್ಲಿ ಒಂದು. ‘ಜ್ಞಾನಸ್ನಾನ’ವು ರೂಢಿಬಲದಿಂದ ಮಾನ್ಯ, ಅದನ್ನು ತೆಗೆದುಹಾಕಬೇಕೆಂದು ಹೇಳುವುದು ಹೊರಗಿನವರಾದ ನಮ್ಮ ಕೆಲಸವಲ್ಲ.

ನಮ್ಮ ಕೆಲಸವು ಬೇರೆ ಇದೆ. ಕನ್ನಡವನ್ನು ಕಲಿಸುವವರು ದೀಕ್ಷೆ, ಸಂಸ್ಕಾರ, ಪ್ರಸಾದ, ಕೃಪೆ, ಪ್ರಾಯಶ್ಚಿತ್ತ ಎಂಬ ಶಬ್ದಗಳ ಅರ್ಥವನ್ನು ಹೇಳುವಾಗ ಶೈವ, ವೈಷ್ಣವ, ಜೈನ ಪ್ರಯೋಗಗಳನ್ನು ಉದಾಹರಿಸಿ ನಿಲ್ಲಿಸುತ್ತೇವೆ. ಇವೇ ಶಬ್ದಗಳನ್ನು ಕನ್ನಡದ ಕ್ರೈಸ್ತರು ತಮ್ಮ ಹುಟ್ಟುಸಾವುಗಳಲ್ಲಿ ಬಳಸಿಕೊಂಡು ಬಂದಿದ್ದಾರೆ. ಆ ಬಳಕೆಯಿಂದ ಶಬ್ದಗಳಿಗೆ ಹೊಸ ಅರ್ಥಚ್ಛಾಯೆಗಳು ಸೇರಿವೆ. ಅವನ್ನು ಬಿಟ್ಟು ಹೇಳಿದ ಶಬ್ದಾರ್ಥವು ಅಪೂರ್ಣ. ಪಾಠ ಕೇಳುವ ಮಕ್ಕಳಲ್ಲಿ ಒಬ್ಬರ ಮನೆಯ ಮಾತನ್ನು ಶಾಸ್ತ್ರವಲ್ಲವೆಂದು ತಳ್ಳಿದರೆ, ಆ ಮಗುವಿಗೆ ಕನ್ನಡವೇ ಪರರ ಮನೆಯಾಗಿ ತೋರೀತು. ಆ ಅಪರಾಧವನ್ನು ನಾನು ಒಮ್ಮೆ ಮಾಡಿದ್ದೇನೆ.

ಎರಡೂ ಒಂದೆಯೆ ಎಂದು ಕೇಳಿದ ಆ ವಿದ್ಯಾರ್ಥಿನಿಗೆ ಈಗ ಹೀಗೆ ಉತ್ತರ ಕೊಡುತ್ತೇನೆ: ನಿಮ್ಮ ಮನೆಯ ಕೂಸಿಗೆ ಆಗುವುದು ಸಂಸ್ಕಾರ, ಅದಕ್ಕೆ ಜ್ಞಾನಸ್ನಾನವೆಂಬ ನಿಮ್ಮ ಹಿರಿಯರ ಹೆಸರು ಸಲ್ಲುತ್ತದೆ. ಕನ್ನಡದ ಪುಸ್ತಕವು ಅದೇ ಕರ್ಮವನ್ನು ದೀಕ್ಷೆಯೆಂದು ಕರೆದಿದೆ; ನಿಜಗುಣರ ಗ್ರಂಥವನ್ನು ಓದುವಾಗ ನಾನು ಹೇಳಿದ ದೀಕ್ಷಾಶಬ್ದವೇ ಅದು. ಕೂಸು ಬೆಳೆದು, ತಾನು ಪಡೆದದ್ದೇನೆಂದು ತಿಳಿದು, ಅದನ್ನು ತನ್ನದೆಂದು ಒಪ್ಪಿಕೊಂಡ ದಿನ ಆ ಹೆಸರು ಪೂರ್ತಿಯಾಗಿ ಅನ್ವರ್ಥವಾಗುತ್ತದೆ.

ಗ್ರೀಕ್ ಮೊದಲಾದ ಭಾಷೆಗಳಲ್ಲಿ ನನಗೆ ಪ್ರವೇಶವಿಲ್ಲ. ಆ ಭಾಗದಲ್ಲಿ ಬಲ್ಲವರ ಮಾತನ್ನೇ ಅನುಸರಿಸಿದ್ದೇನೆ. ದೋಷವಿದ್ದಲ್ಲಿ ವಿದ್ವಾಂಸರು, ವಿಶೇಷವಾಗಿ ಕ್ರೈಸ್ತಶಾಸ್ತ್ರವನ್ನು ಕನ್ನಡದಲ್ಲಿ ಬೋಧಿಸುವ ಪಂಡಿತರು, ಈ ಪತ್ರಿಕೆಯ ಮೂಲಕವೇ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.